ನಿಶ್ಚಿತಾರ್ಥದಿಂದ ಧಾರೆಯವರೆಗೆ: ಜೋಡಿಗಳಿಗೆ ಯಾರೂ ಹೇಳದ ದಿನಗಳ ಲೆಕ್ಕ

ಮಧುಗಿರಿ: ಮದುವೆಯ ಮುಹೂರ್ತ ಗೊತ್ತುಮಾಡುವಾಗ ಪಂಚಾಂಗದ ಜೊತೆಗೆ ಇನ್ನೊಂದು ಲೆಕ್ಕವೂ ಸದ್ದಿಲ್ಲದೆ ನಡೆಯುತ್ತದೆ. ಹುಡುಗಿಯ ತಾಯಿ ಒಳಮನೆಯಲ್ಲಿ ಬೆರಳು ಮಡಿಸಿ, ಮಗಳ ‘ದಿನ’ ಧಾರೆಯ ಹೊತ್ತಿಗೆ ಬೀಳುವುದೋ ಇಲ್ಲವೋ ಎಂದು ನೋಡುತ್ತಾಳೆ. ಬೀಳುವಂತಿದ್ದರೆ ಮುಹೂರ್ತವನ್ನು ನಾಲ್ಕು ದಿನ ಹಿಂದೆ ಮುಂದೆ ಮಾಡುವುದುಂಟು. ಅದು ಸಾಧ್ಯವಾಗದಿದ್ದರೆ ಮುಟ್ಟು ಮುಂದೂಡುವ ಮಾತ್ರೆಗಾಗಿ ಔಷಧಿ ಅಂಗಡಿಗೆ ಹೋಗುವುದೂ ಉಂಟು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಮನೆಗಳಿಗೂ ಈ ಲೆಕ್ಕ ಹೊಸದಲ್ಲ. ವಿಪರ್ಯಾಸವೆಂದರೆ, ಮದುವೆಯ ದಿನಕ್ಕಾಗಿ ಇಷ್ಟು ನಿಖರವಾಗಿ ನಡೆಯುವ ಈ ಗಣನೆ ಮದುವೆಯ ಮರುದಿನದಿಂದ ಯಾರ ಉಪಯೋಗಕ್ಕೂ ಬರುವುದಿಲ್ಲ. ತಿಂಗಳ ಯಾವ ದಿನಗಳಲ್ಲಿ ಗರ್ಭ ನಿಲ್ಲುತ್ತದೆ, ಯಾವ ದಿನಗಳಲ್ಲಿ ನಿಲ್ಲುವುದಿಲ್ಲ ಎಂಬ ಸರಳ ವಿಷಯವನ್ನು ಹೊಸ ಜೋಡಿಗೆ ತಿಳಿಸುವವರೇ ಇಲ್ಲ.

ಈ ತಿಳಿವಳಿಕೆಯ ಆಧಾರದ ಮೇಲೆ ಮಕ್ಕಳ ನಡುವಿನ ಅಂತರವನ್ನು ಕಾಯ್ದುಕೊಳ್ಳುವ ಕ್ರಮಕ್ಕೆ ‘ಸಹಜ ಕುಟುಂಬ ಯೋಜನೆ’ ಎಂದು ಹೆಸರು. ಇದರಲ್ಲಿ ಮಾತ್ರೆಯಿಲ್ಲ, ಚುಚ್ಚುಮದ್ದಿಲ್ಲ, ಸಾಧನವಿಲ್ಲ, ಶಸ್ತ್ರಚಿಕಿತ್ಸೆಯಿಲ್ಲ. ಹೆಣ್ಣಿನ ದೇಹ ತಾನಾಗಿಯೇ ತೋರುವ ಸೂಚನೆಗಳನ್ನು ಗಮನಿಸಿ, ಗರ್ಭ ನಿಲ್ಲುವ ದಿನಗಳಲ್ಲಿ ಸತಿಪತಿಗಳು ಕೂಡದಿರುವುದೇ ಇದರ ಸಾರ. ಹೇಳುವುದಕ್ಕೆ ಇಷ್ಟು ಸುಲಭವಾದದ್ದು ಆಚರಣೆಯಲ್ಲಿ ಏಕೆ ಕಷ್ಟ, ಯಾರಿಗೆ ಇದು ಹೊಂದುತ್ತದೆ, ಯಾರಿಗೆ ಹೊಂದುವುದಿಲ್ಲ ಎಂಬುದನ್ನು ಮದುವೆಗೆ ಮುಂಚೆಯೇ ತಿಳಿದುಕೊಳ್ಳುವುದು ಒಳಿತು.

ದೇಹದ ಗಡಿಯಾರ

ಮುಟ್ಟು ಆರಂಭವಾದ ದಿನವನ್ನು ಒಂದನೆಯ ದಿನವೆಂದು ಎಣಿಸಬೇಕು. ಮುಂದಿನ ಮುಟ್ಟಿನ ಹಿಂದಿನ ದಿನದವರೆಗಿನ ಅವಧಿಯೇ ಒಂದು ಋತುಚಕ್ರ. ಅದು ಎಲ್ಲರಿಗೂ 28 ದಿನಗಳೇ ಆಗಿರಬೇಕೆಂದಿಲ್ಲ; ಆರೋಗ್ಯವಂತ ಹೆಣ್ಣುಮಕ್ಕಳಲ್ಲಿಯೂ ಕೆಲವು ದಿನ ಹೆಚ್ಚು ಕಡಿಮೆಯಾಗುವುದು ಸಾಮಾನ್ಯ. ಪ್ರತಿ ಚಕ್ರದಲ್ಲಿ ಅಂಡಾಶಯದಿಂದ ಸಾಮಾನ್ಯವಾಗಿ ಒಂದು ಅಂಡಾಣು ಹೊರಬರುತ್ತದೆ. ಇಲ್ಲಿ ಬಹುತೇಕರು ಎಡವುವ ಅಂಶವೊಂದಿದೆ. ಅಂಡಾಣು ಬಿಡುಗಡೆಯಾಗುವುದು ಮುಟ್ಟಾದ 14ನೆಯ ದಿನ ಎಂದು ಹಲವರು ನಂಬಿದ್ದಾರೆ. ವಾಸ್ತವವಾಗಿ ಅದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ ಬಿಡುಗಡೆಯಾಗುತ್ತದೆ. 28 ದಿನಗಳ ಚಕ್ರದಲ್ಲಿ ಎರಡೂ ಒಂದೇ ಆಗುತ್ತದೆ. ಆದರೆ 32 ದಿನಗಳ ಚಕ್ರದಲ್ಲಿ ಅದು 18ನೆಯ ದಿನದ ಆಸುಪಾಸಿಗೆ ಜರುಗುತ್ತದೆ.

ಹೊರಬಂದ ಅಂಡಾಣು ಬದುಕುವುದು ಹೆಚ್ಚೆಂದರೆ ಒಂದು ದಿನ. ಗಂಡಿನ ವೀರ್ಯಾಣು ಮಾತ್ರ ಅನುಕೂಲ ಸ್ಥಿತಿಯಲ್ಲಿ ಹೆಣ್ಣಿನ ದೇಹದೊಳಗೆ ಐದು ದಿನಗಳವರೆಗೂ ಜೀವಂತವಾಗಿರಬಲ್ಲದು. ಹಾಗಾಗಿ ಅಂಡಾಣು ಬಿಡುಗಡೆಯಾದ ದಿನ ಹಾಗೂ ಅದರ ಹಿಂದಿನ ಐದು ದಿನಗಳು, ಒಟ್ಟು ಆರು ದಿನಗಳು, ಗರ್ಭ ನಿಲ್ಲಬಹುದಾದ ದಿನಗಳು. ಇಡೀ ಚಕ್ರದಲ್ಲಿ ಈ ಆರು ದಿನಗಳನ್ನು ಗುರುತಿಸಿದರೆ ಸಾಕು. ಕಷ್ಟವಿರುವುದು ಇಲ್ಲಿಯೇ: ಅಂಡಾಣು ಯಾವತ್ತು ಹೊರಬರುತ್ತದೆಂದು ಐದು ದಿನ ಮೊದಲೇ ಖಚಿತವಾಗಿ ಹೇಳಬಲ್ಲ ಸೂಚನೆ ದೇಹದಲ್ಲಿಲ್ಲ. ಸಹಜ ವಿಧಾನಗಳೆಲ್ಲವೂ ಈ ಅನಿಶ್ಚಿತತೆಗಾಗಿ ಎರಡೂ ಬದಿಯಲ್ಲಿ ಕೆಲವು ದಿನಗಳನ್ನು ಹೆಚ್ಚಿಗೆ ಸೇರಿಸಿಕೊಂಡೇ ಲೆಕ್ಕ ಹಾಕುತ್ತವೆ.

ಧರ್ಮಶಾಸ್ತ್ರಗಳಲ್ಲಿಯೂ ಋತುಕಾಲವೆಂದು ಮುಟ್ಟಿನ ಆರಂಭದಿಂದ 16 ರಾತ್ರಿಗಳನ್ನು ಹೇಳಿದೆ. ಸಮಸಂಖ್ಯೆಯ ರಾತ್ರಿಗೆ ಗಂಡು, ಬೆಸಸಂಖ್ಯೆಯ ರಾತ್ರಿಗೆ ಹೆಣ್ಣು ಎಂಬ ನಂಬಿಕೆಯೂ ಅಲ್ಲಿಂದಲೇ ಬಂದದ್ದು. ಎರಡನೆಯದಕ್ಕೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ. ಮೊದಲನೆಯದರಿಂದ ‘16 ದಿನ ಕಳೆದ ಮೇಲೆ ಭಯವಿಲ್ಲ’ ಎಂದು ತಿಳಿದರೆ, ದೀರ್ಘ ಚಕ್ರವಿರುವ ಹೆಣ್ಣಿಗೆ ಅತ್ಯಂತ ಅಪಾಯದ ದಿನಗಳೇ ಸುರಕ್ಷಿತ ದಿನಗಳಾಗಿ ಕಾಣುತ್ತವೆ. ಮುಟ್ಟು ನಿಂತ ಕೂಡಲೇ ಗರ್ಭ ನಿಲ್ಲುವುದಿಲ್ಲವೆಂಬ ನಂಬಿಕೆಯೂ ಇಷ್ಟೇ ಅಪಾಯಕಾರಿ. ಚಕ್ರ ಚಿಕ್ಕದಾಗಿದ್ದರೆ ಎಂಟನೆಯ ದಿನದಿಂದಲೇ ಗರ್ಭ ನಿಲ್ಲುವ ಕಾಲ ಆರಂಭವಾಗಬಹುದು.

ಇರುವ ವಿಧಾನಗಳು

ಇವುಗಳಲ್ಲಿ ಹಳೆಯದು ಪಂಚಾಂಗ ವಿಧಾನ, ಅಂದರೆ ಕ್ಯಾಲೆಂಡರ್ ಲೆಕ್ಕ. ಜಪಾನಿನ ವೈದ್ಯ ಕ್ಯೂಸಾಕು ಓಗಿನೋ ಮತ್ತು ಆಸ್ಟ್ರಿಯಾದ ಹರ್ಮನ್ ಕ್ನಾಸ್ 1920ರ ದಶಕದಲ್ಲಿ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಅಂಡಾಣು ಬಿಡುಗಡೆಯ ಕಾಲವನ್ನು ಕಂಡುಕೊಂಡದ್ದರಿಂದ ಇದು ಸಾಧ್ಯವಾಯಿತು. ಇದಕ್ಕೆ ಕನಿಷ್ಠ ಆರು ಚಕ್ರಗಳ ದಾಖಲೆ ಬೇಕು. ಅವುಗಳಲ್ಲಿ ಅತಿ ಚಿಕ್ಕ ಚಕ್ರದ ದಿನಗಳಿಂದ 18ನ್ನೂ, ಅತಿ ದೊಡ್ಡ ಚಕ್ರದ ದಿನಗಳಿಂದ 11ನ್ನೂ ಕಳೆಯಬೇಕು. ಉದಾಹರಣೆಗೆ ಆರು ತಿಂಗಳಲ್ಲಿ ಅತಿ ಚಿಕ್ಕ ಚಕ್ರ 27 ದಿನ, ಅತಿ ದೊಡ್ಡದು 31 ದಿನವೆಂದಿರಲಿ. 27ರಲ್ಲಿ 18 ಕಳೆದರೆ 9, 31ರಲ್ಲಿ 11 ಕಳೆದರೆ 20. ಆ ಹೆಣ್ಣುಮಗಳಿಗೆ 9ನೆಯ ದಿನದಿಂದ 20ನೆಯ ದಿನದವರೆಗೆ ಗರ್ಭ ನಿಲ್ಲುವ ಸಂಭವವಿದೆಯೆಂದು ಅರ್ಥ.

ಈ ಲೆಕ್ಕವನ್ನು ಇನ್ನಷ್ಟು ಸರಳಗೊಳಿಸಿದ್ದು ನಿಗದಿತ ದಿನಗಳ ವಿಧಾನ. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂತಾನ ಆರೋಗ್ಯ ಸಂಸ್ಥೆ ರೂಪಿಸಿದ ಈ ವಿಧಾನದಲ್ಲಿ 8ರಿಂದ 19ರವರೆಗಿನ ಹನ್ನೆರಡು ದಿನಗಳನ್ನು ಎಲ್ಲರಿಗೂ ಸಮಾನವಾಗಿ ಗರ್ಭ ನಿಲ್ಲುವ ದಿನಗಳೆಂದು ಎಣಿಸಲಾಗುತ್ತದೆ. ಚಕ್ರ 26ರಿಂದ 32 ದಿನಗಳ ಒಳಗೆ ಇರುವವರಿಗೆ ಮಾತ್ರ ಇದು ಅನ್ವಯ. ನೆನಪಿಗಾಗಿ 32 ಮಣಿಗಳ ಸರವೊಂದಿದೆ. ಭಾರತದಲ್ಲಿ ಇದಕ್ಕೆ ‘ಮಾಲಾ ಚಕ್ರ’ ಎಂದು ಹೆಸರು. ಮೊದಲು ಒಂದು ಕೆಂಪು ಮಣಿ, ಅದು ಮುಟ್ಟಿನ ಮೊದಲ ದಿನ. ನಂತರ ಆರು ಕಂದು ಮಣಿಗಳು, ಆಮೇಲೆ ಹನ್ನೆರಡು ಬಿಳಿ ಮಣಿಗಳು, ಕೊನೆಗೆ ಹದಿಮೂರು ಕಂದು ಮಣಿಗಳು. ಮಣಿಗಳ ಮೇಲಿನ ರಬ್ಬರ್ ಬಳೆಯನ್ನು ದಿನಕ್ಕೊಂದು ಮಣಿಯಂತೆ ಮುಂದಕ್ಕೆ ಸರಿಸಬೇಕು. ಬಳೆ ಬಿಳಿ ಮಣಿಯ ಮೇಲಿದ್ದರೆ ಗರ್ಭ ನಿಲ್ಲಬಹುದು; ಕಂದು ಮಣಿಯ ಮೇಲಿದ್ದರೆ ಸಂಭವ ಬಹಳ ಕಡಿಮೆ. ಅಕ್ಷರ ಬಾರದವರೂ ಬಳಸಬಹುದಾದ ಸಾಧನ ಇದು. ಜಾರ್ಖಂಡ್‌ನಲ್ಲಿ ಇದನ್ನು ಸರ್ಕಾರಿ ಕುಟುಂಬ ಯೋಜನಾ ಕಾರ್ಯಕ್ರಮದೊಳಗೆ ಪರಿಚಯಿಸಿದ ಅನುಭವವೂ ದೇಶಕ್ಕಿದೆ.

ಮೂರನೆಯದು ಗರ್ಭಕೊರಳಿನ ಲೋಳೆಯನ್ನು ಗಮನಿಸುವುದು. ಆಸ್ಟ್ರೇಲಿಯಾದ ವೈದ್ಯ ದಂಪತಿ ಜಾನ್ ಮತ್ತು ಎವ್ಲಿನ್ ಬಿಲ್ಲಿಂಗ್ಸ್ 1950ರ ದಶಕದಿಂದ ಬೆಳೆಸಿದ ವಿಧಾನವಿದು. ಅಂಡಾಣು ಬಿಡುಗಡೆಯ ದಿನ ಸಮೀಪಿಸಿದಂತೆ ಈ ಲೋಳೆ ತಿಳಿಯಾಗಿ, ಜಾರುವಂತೆ, ಹಸಿ ಮೊಟ್ಟೆಯ ಬಿಳಿಭಾಗದಂತೆ ಎಳೆಎಳೆಯಾಗುತ್ತದೆ. ಅನಂತರ ಮತ್ತೆ ದಪ್ಪವಾಗಿ ಒಣಗುತ್ತದೆ. ಇದನ್ನೇ ಸರಳಗೊಳಿಸಿದ ‘ಎರಡು ದಿನದ ವಿಧಾನ’ದಲ್ಲಿ ಹೆಣ್ಣುಮಗಳು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡೇ: ಇವತ್ತು ಲೋಳೆ ಕಂಡಿತೇ? ನಿನ್ನೆ ಕಂಡಿತ್ತೇ? ಎರಡಕ್ಕೂ ಇಲ್ಲ ಎಂದಾದರೆ ಮಾತ್ರ ಆ ದಿನ ಗರ್ಭ ನಿಲ್ಲುವ ಸಂಭವ ಕಡಿಮೆ. ಆದರೆ ಸೋಂಕಿನಿಂದಾಗುವ ಬಿಳಿ ಸೆರಗನ್ನು ಈ ಲೋಳೆಯೆಂದು ತಪ್ಪಾಗಿ ತಿಳಿಯುವ ಅಪಾಯವಿದೆ. ತುರಿಕೆ, ದುರ್ವಾಸನೆ, ಬಣ್ಣಬದಲಾವಣೆ ಇದ್ದರೆ ಮೊದಲು ಚಿಕಿತ್ಸೆ ಪಡೆಯಬೇಕು.

ನಾಲ್ಕನೆಯದು ದೇಹದ ಉಷ್ಣತೆಯ ವಿಧಾನ. ಬೆಳಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಉಷ್ಣತೆ ಅಳೆದು ಬರೆದಿಡಬೇಕು. ಅಂಡಾಣು ಬಿಡುಗಡೆಯಾದ ಮೇಲೆ ಉಷ್ಣತೆ ಸ್ವಲ್ಪ, ಅಂದರೆ ಸೆಲ್ಸಿಯಸ್‌ನ ಅರ್ಧ ಡಿಗ್ರಿಗಿಂತಲೂ ಕಡಿಮೆ, ಏರುತ್ತದೆ. ಏರಿದ ಉಷ್ಣತೆ ಮೂರು ದಿನ ಹಾಗೆಯೇ ನಿಂತರೆ ಗರ್ಭ ನಿಲ್ಲುವ ಕಾಲ ಮುಗಿಯಿತೆಂದು ತಿಳಿಯಬಹುದು. ಜ್ವರ, ನಿದ್ರೆಗೇಡು, ರಾತ್ರಿ ಪಾಳಿ ಈ ಲೆಕ್ಕವನ್ನು ಕೆಡಿಸುತ್ತವೆ. ಲೋಳೆ ಹಾಗೂ ಉಷ್ಣತೆ ಎರಡನ್ನೂ ಒಟ್ಟಿಗೆ ನೋಡುವ ಸಂಯುಕ್ತ ವಿಧಾನ ಇವೆಲ್ಲಕ್ಕಿಂತ ಹೆಚ್ಚು ವಿಶ್ವಾಸಾರ್ಹ.

ಐದನೆಯದು ಹೆರಿಗೆಯ ನಂತರದ್ದು. ಎದೆಹಾಲು ಕುಡಿಸುವವರೆಗೆ ಗರ್ಭ ನಿಲ್ಲುವುದಿಲ್ಲ ಎಂದು ಅಜ್ಜಿಯರು ಹೇಳುವ ಮಾತಿನಲ್ಲಿ ಸತ್ಯವಿದೆ. ಆದರೆ ಮೂರು ಷರತ್ತುಗಳಿವೆ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿ ಎದೆಹಾಲನ್ನೇ ಕುಡಿಸುತ್ತಿರಬೇಕು, ಮುಟ್ಟು ಮರಳಿ ಬಂದಿರಬಾರದು. ಮೂರೂ ಕೂಡಿದ್ದರೆ 98ರಷ್ಟು ಪ್ರತಿಶತ ರಕ್ಷಣೆಯಿದೆಯೆಂದು 1988ರಲ್ಲಿ ಇಟಲಿಯ ಬೆಲಾಜಿಯೋದಲ್ಲಿ ಸೇರಿದ್ದ ವಿಜ್ಞಾನಿಗಳು ಒಮ್ಮತಕ್ಕೆ ಬಂದರು. ಮೂರರಲ್ಲಿ ಒಂದು ತಪ್ಪಿದರೂ ಆ ದಿನದಿಂದಲೇ ಬೇರೆ ವಿಧಾನ ಬೇಕು.

ಎಷ್ಟು ನಂಬಬಹುದು?

ಯಾವ ವಿಧಾನವನ್ನೂ ಬಳಸದ ನೂರು ದಂಪತಿಗಳಲ್ಲಿ ಒಂದು ವರ್ಷದೊಳಗೆ ಸುಮಾರು 85 ಮಂದಿಗೆ ಗರ್ಭ ನಿಲ್ಲುತ್ತದೆ. ನಿಗದಿತ ದಿನಗಳ ವಿಧಾನವನ್ನು ಒಂದು ದಿನವೂ ತಪ್ಪದೆ ಪಾಲಿಸಿದವರಲ್ಲಿ ಈ ಸಂಖ್ಯೆ ನೂರಕ್ಕೆ 5ಕ್ಕೆ ಇಳಿಯುತ್ತದೆ. ಆದರೆ ಮನುಷ್ಯರು ಸಾಮಾನ್ಯವಾಗಿ ಪಾಲಿಸುವ ರೀತಿಯಲ್ಲಿ, ಅಂದರೆ ಅಲ್ಲೊಂದು ಇಲ್ಲೊಂದು ತಪ್ಪಿನೊಂದಿಗೆ, ಅದು 12ರಷ್ಟಾಗುತ್ತದೆ. ಎರಡು ದಿನದ ವಿಧಾನದಲ್ಲಿ ಇವೇ ಅಂಕಿಗಳು 4 ಮತ್ತು 14. ಹೋಲಿಕೆಗೆ ನೋಡುವುದಾದರೆ, ನಿರೋಧ್ ಬಳಕೆಯಲ್ಲಿ ತಪ್ಪಿಲ್ಲದಿದ್ದರೆ 2, ಸಾಮಾನ್ಯ ಬಳಕೆಯಲ್ಲಿ 13. ಜನರ ಬಾಯಲ್ಲಿ ‘ವಂಕಿ’ಯೆಂದೇ ಹೆಸರಾದ ಕಾಪರ್-ಟಿಯಲ್ಲಿ ಅದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ.

ಈ ಅಂಕಿಗಳ ಅರ್ಥ ಸ್ಪಷ್ಟ. ಸಹಜ ವಿಧಾನ ನಿಷ್ಪ್ರಯೋಜಕವೆಂಬ ಮಾತು ಸುಳ್ಳು. ಅದು ಸಂಪೂರ್ಣ ಸುರಕ್ಷಿತವೆಂಬ ಮಾತೂ ಸುಳ್ಳು. ಮೊದಲ ಮಗು ಸ್ವಲ್ಪ ತಡವಾಗಲಿ, ಆಕಸ್ಮಿಕವಾಗಿ ಬಂದರೂ ಸಂತೋಷವೇ ಎನ್ನುವ ಜೋಡಿಗೆ ಇದು ಹೊಂದಬಹುದು. ಈಗ ಗರ್ಭ ನಿಲ್ಲಲೇಬಾರದು ಎನ್ನುವ ಸ್ಥಿತಿಯಲ್ಲಿರುವವರಿಗೆ ಹೊಂದುವುದಿಲ್ಲ. ಕೇವಲ ಕೇಳಿದ ಮಾತಿನ ಮೇಲೆ ‘ಸೇಫ್ ದಿನ’ಗಳನ್ನು ಊಹಿಸುವುದಂತೂ ಇವುಗಳಲ್ಲಿ ಯಾವ ವಿಧಾನವೂ ಅಲ್ಲ. ದಾಖಲೆಯಿಲ್ಲದ ಲೆಕ್ಕಕ್ಕೆ ಮೇಲಿನ ಯಾವ ಅಂಕಿಯೂ ಅನ್ವಯಿಸುವುದಿಲ್ಲ.

ರಾಮನಗರದ ಪಾಠ

ಈ ವಿಷಯದಲ್ಲಿ ಕನ್ನಡ ನಾಡಿಗೆ ಮರೆತುಹೋದ ಚರಿತ್ರೆಯೊಂದಿದೆ. 1930ರ ಜೂನ್‌ನಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಗರ್ಭನಿರೋಧ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತು. ಸರ್ಕಾರವೊಂದು ತಾನೇ ನಡೆಸಿದ ಇಂಥ ಚಿಕಿತ್ಸಾಲಯಗಳಲ್ಲಿ ಜಗತ್ತಿನಲ್ಲಿಯೇ ಇವು ಮೊದಲಿನವೆಂದು ಗುರುತಿಸಲಾಗುತ್ತದೆ. ಅದೇ ವರ್ಷದ ಕೊನೆಯ ದಿನ ರೋಮಿನ ಪೋಪ್ ಹನ್ನೊಂದನೆಯ ಪಯಸ್ ಕೃತಕ ಗರ್ಭನಿರೋಧವನ್ನು ಖಂಡಿಸಿ ಸುತ್ತೋಲೆ ಹೊರಡಿಸಿದ್ದು ಕಾಕತಾಳೀಯ.

ಸ್ವಾತಂತ್ರ್ಯಾನಂತರ ಕೇಂದ್ರ ಆರೋಗ್ಯ ಸಚಿವೆಯಾಗಿದ್ದ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯವರ ಅನುಯಾಯಿ. ಗಾಂಧೀಜಿಯವರಿಗೆ ಸಂಯಮವೊಂದೇ ಒಪ್ಪಿತವಾದ ಮಾರ್ಗವಾಗಿತ್ತು. ಕೃತಕ ಸಾಧನಗಳನ್ನು ಅವರು ವಿರೋಧಿಸಿದ್ದರು. ಸಚಿವೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಕೋರಿದಾಗ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ 1951ರಲ್ಲಿ ಭಾರತಕ್ಕೆ ಬಂದರು. ಅವರ ಸಲಹೆಯ ಮೇರೆಗೆ ದಿನಗಣನೆಯ ವಿಧಾನವನ್ನು ಜನರಿಗೆ ಕಲಿಸಿ ಫಲಿತಾಂಶ ನೋಡುವ ಪ್ರಯೋಗ ಎರಡು ಕಡೆ ಆರಂಭವಾಯಿತು. ಒಂದು ದೆಹಲಿಯ ಲೋಧಿ ಕಾಲೊನಿ, ಇನ್ನೊಂದು ಮೈಸೂರು ರಾಜ್ಯದ ರಾಮನಗರ. ದೇಶ 1952ರಲ್ಲಿ ಕುಟುಂಬ ಯೋಜನೆಯನ್ನು ಸರ್ಕಾರಿ ಕಾರ್ಯಕ್ರಮವಾಗಿ ಸ್ವೀಕರಿಸಿದಾಗ ಜನರ ಮುಂದಿಟ್ಟ ಮೊದಲ ವಿಧಾನಗಳಲ್ಲಿ ಈ ದಿನಗಣನೆಯೂ ಒಂದು.

ಓದುಬರಹ ಬಾರದ ಹೆಂಗಸರಿಗಾಗಿ ಬಣ್ಣದ ಮಣಿಗಳ ಸರ ಮಾಡಿಕೊಡಲಾಯಿತು. ಸುರಕ್ಷಿತ ದಿನಗಳಿಗೆ ಒಂದು ಬಣ್ಣ, ಗರ್ಭ ನಿಲ್ಲುವ ದಿನಗಳಿಗೆ ಇನ್ನೊಂದು. ಇಂದಿನ ಮಾಲಾ ಚಕ್ರಕ್ಕೆ ಅರ್ಧ ಶತಮಾನ ಹಿಂದಿನ ಅಕ್ಕ ಅದು. ಕಲಿಯುವ ಆಸಕ್ತಿಯನ್ನು ಅನೇಕರು ತೋರಿಸಿದರು. ಆದರೆ ತಿಂಗಳು ತಿಂಗಳೂ ಬಿಡದೆ ಪಾಲಿಸಿದವರು ಕೆಲವರೇ. ಮಣಿ ಸರಿಸುವುದನ್ನು ಮರೆಯುವುದು, ಚಕ್ರ ಏರುಪೇರಾಗುವುದು, ಬಾಣಂತಿಯರಲ್ಲಿ ಮುಟ್ಟೇ ಬಾರದಿರುವುದು, ಗಂಡ ಒಪ್ಪದಿರುವುದು ಹೀಗೆ ತೊಡಕುಗಳು ಒಂದರ ಹಿಂದೊಂದು ಬಂದವು. ಪ್ರಯೋಗ ನಿರೀಕ್ಷಿಸಿದ ಫಲ ಕೊಡಲಿಲ್ಲ. ಮುಂದೆ ದೇಶದ ಕಾರ್ಯಕ್ರಮ ವಂಕಿಯತ್ತ, ನಿರೋಧ್‌ನತ್ತ, ಕೊನೆಗೆ ಶಸ್ತ್ರಚಿಕಿತ್ಸೆಯತ್ತ ಹೊರಳಿತು.

ರಾಮನಗರ ಕಲಿಸಿದ ಪಾಠ ‘ಹಳ್ಳಿಯವರಿಗೆ ಲೆಕ್ಕ ಬಾರದು’ ಎಂಬುದಲ್ಲ. ಮೂರು ಮಕ್ಕಳಾದ ಮೇಲೆ, ಮನೆಯ ರೂಢಿಗಳು ಗಟ್ಟಿಯಾದ ಮೇಲೆ, ಹೆಂಡತಿಯೊಬ್ಬಳ ಕೈಗೆ ಸರ ಕೊಟ್ಟರೆ ಈ ವಿಧಾನ ನಡೆಯುವುದಿಲ್ಲ. ಇದು ಇಬ್ಬರೂ ಕೂಡಿ ಪಾಲಿಸಬೇಕಾದ ವಿಧಾನ. ಆದ್ದರಿಂದಲೇ ಕಲಿಸುವುದಾದರೆ ಮದುವೆಗೆ ಮುನ್ನ, ಇಬ್ಬರಿಗೂ ಕಲಿಸಬೇಕೆಂಬ ವಾದಕ್ಕೆ ಬಲವಿದೆ. ಕ್ಯಾಥೊಲಿಕ್ ಧರ್ಮಪ್ರಾಂತ್ಯಗಳಲ್ಲಿ ಮದುವೆಗೆ ಮುಂಚೆ ಜೋಡಿಗಳು ತರಬೇತಿ ಶಿಬಿರಕ್ಕೆ ಹಾಜರಾಗುವ ಪದ್ಧತಿಯಿದ್ದು, ಅಲ್ಲಿ ಸಹಜ ಕುಟುಂಬ ಯೋಜನೆಯೂ ಪಾಠದ ಭಾಗ. ಅವರಿಗೆ ಅದು ಧರ್ಮದ ವಿಷಯ. ಉಳಿದವರಿಗೆ ಅದು ಆರೋಗ್ಯದ ವಿಷಯವಾಗಿಯಾದರೂ ಏಕೆ ಆಗಬಾರದು ಎಂಬುದು ಪ್ರಶ್ನೆ.

ನಾಲ್ಕು ತಾಲ್ಲೂಕುಗಳ ವಾಸ್ತವ

ಮಧುಗಿರಿ ಉಪವಿಭಾಗದ ಈ ನಾಲ್ಕು ತಾಲ್ಲೂಕುಗಳು ಮಳೆಯನ್ನೇ ನಂಬಿದ ಬಯಲುಸೀಮೆ. ಶೇಂಗಾ ಕೈಕೊಟ್ಟ ವರ್ಷ ಬೆಂಗಳೂರಿನ ಬಸ್ಸು ಹತ್ತುವುದು ಇಲ್ಲಿನ ಸಂಸಾರಗಳಿಗೆ ಹೊಸದಲ್ಲ. ಗಂಡ ನಗರದಲ್ಲಿ, ಹೆಂಡತಿ ಊರಿನಲ್ಲಿ ಇರುವ ಸಂಸಾರದಲ್ಲಿ ಇಬ್ಬರೂ ಸೇರುವುದು ಹಬ್ಬಕ್ಕೋ ಜಾತ್ರೆಗೋ. ಬಂದ ಎರಡು ದಿನಗಳು ಬಿಳಿ ಮಣಿಯ ದಿನಗಳಾಗಿದ್ದರೆ ಏನು ಮಾಡಬೇಕು? ಇಂಥ ಜೋಡಿಗೆ ದಿನಗಣನೆಯೊಂದನ್ನೇ ಹೇಳಿ ಕಳಿಸುವುದು ನಿಜಕ್ಕೂ ಉಪಕಾರವಲ್ಲ. ಆ ದಿನಗಳಿಗೆ ನಿರೋಧ್ ಇಟ್ಟುಕೊಳ್ಳಿ ಎಂದು ಜೊತೆಗೇ ಹೇಳಬೇಕು. ಕಟ್ಟುನಿಟ್ಟಿನ ಸಹಜ ವಿಧಾನದವರು ಇದನ್ನು ಒಪ್ಪದಿರಬಹುದು. ವೈದ್ಯಕೀಯವಾಗಿ ಇದಕ್ಕೆ ಅಡ್ಡಿಯಿಲ್ಲ.

ಇನ್ನೊಂದು ವೈರುಧ್ಯವನ್ನೂ ಗಮನಿಸಬೇಕು. ಶಿರಾ, ಮಧುಗಿರಿ, ಪಾವಗಡ ಭಾಗದ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿರಿಸುವ ಪದ್ಧತಿ ಇನ್ನೂ ಸಂಪೂರ್ಣ ಅಳಿದಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಊರ ಹೊರಗಿನ ಗುಡಿಸಿಲಿನಲ್ಲಿ ಬಾಣಂತಿಯೊಂದಿಗಿದ್ದ ಹಸುಗೂಸು ಮೃತಪಟ್ಟಾಗ ಈ ಪದ್ಧತಿ ರಾಜ್ಯದ ಗಮನ ಸೆಳೆಯಿತು. ಹೆಣ್ಣಿನ ಮುಟ್ಟಿನ ದಿನ ಊರಿಗೆಲ್ಲ ತಿಳಿಯುತ್ತದೆ. ಆ ದಿನದಿಂದ ಎಣಿಸಿದರೆ ಏನು ಅರ್ಥವೆಂಬುದು ಮಾತ್ರ ಅವಳಿಗೇ ತಿಳಿದಿಲ್ಲ. ಮೈಲಿಗೆಗಾಗಿ ನೆನಪಿಡುವ ದಿನವನ್ನು ಆರೋಗ್ಯಕ್ಕಾಗಿ ನೆನಪಿಡುವಂತಾದರೆ ಅದೇ ದೊಡ್ಡ ಬದಲಾವಣೆ.

ಮೂರನೆಯ ವಾಸ್ತವ ಶಸ್ತ್ರಚಿಕಿತ್ಸೆಯದು. 2019-20ರಲ್ಲಿ ರಾಜ್ಯದಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾದವರು. ಅದೇ ಸಮೀಕ್ಷೆಯಲ್ಲಿ ಪುರುಷರ ಶಸ್ತ್ರಚಿಕಿತ್ಸೆಯ ಪ್ರಮಾಣ ಶೂನ್ಯಕ್ಕೆ ಸಮೀಪ. ರಾಜ್ಯದ ಒಟ್ಟು ಫಲವತ್ತತೆಯ ದರ 1.7ಕ್ಕೆ ಇಳಿದಿದೆ. ಅಂದರೆ ಮಕ್ಕಳ ಸಂಖ್ಯೆ ಕಡಿಮೆಯಾಗಿದೆ. ಆದರೆ ಅದು ಅಂತರದಿಂದಲ್ಲ, ಬೇಗ ಹೆತ್ತು ಬೇಗ ‘ಆಪರೇಷನ್’ ಮಾಡಿಸಿಕೊಳ್ಳುವುದರಿಂದ. ಹಲವರು ಇಪ್ಪತ್ತರ ಹರೆಯದಲ್ಲಿಯೇ ಎರಡು ಹೆರಿಗೆಗಳನ್ನೂ ಒಂದು ಶಸ್ತ್ರಚಿಕಿತ್ಸೆಯನ್ನೂ ಮುಗಿಸಿರುತ್ತಾರೆ. ಮದುವೆ ಮತ್ತು ಮೊದಲ ಮಗುವಿನ ನಡುವೆ, ಮೊದಲ ಮತ್ತು ಎರಡನೆಯ ಮಗುವಿನ ನಡುವೆ ಯಾವ ವಿಧಾನವೂ ಇಲ್ಲದ ಶೂನ್ಯವೊಂದಿದೆ. ನಿಶ್ಚಿತಾರ್ಥವಾದ ಜೋಡಿಗೆ ಮಾಹಿತಿ ಬೇಕಾಗಿರುವುದು ಈ ಶೂನ್ಯವನ್ನು ತುಂಬಲು.

ಅದೇ ಸಮೀಕ್ಷೆಯಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ. 21ರಷ್ಟು ಮಂದಿ 18 ತುಂಬುವ ಮೊದಲೇ ಮದುವೆಯಾದವರೆಂದು ಕಂಡುಬಂದಿದೆ. ಹುಡುಗಿಗೆ 18, ಹುಡುಗನಿಗೆ 21 ತುಂಬದ ಮದುವೆ ಅಪರಾಧ. ಕರ್ನಾಟಕ ತಂದ ತಿದ್ದುಪಡಿಯಂತೆ ಅಂಥ ಮದುವೆ ಆರಂಭದಿಂದಲೇ ಅಸಿಂಧು. ಅಂಥ ಹುಡುಗಿಗೆ ಬೇಕಾದ್ದು ದಿನಗಣನೆಯ ಪಾಠವಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಹೋಗಬೇಕಾದ ಒಂದು ಕರೆ.

ಯಾರಿಗೆ ಇದು ಬೇಡ?

ಚಕ್ರ ಏರುಪೇರಾಗುವವರು, ಅಂದರೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ 26ಕ್ಕಿಂತ ಕಡಿಮೆ ಅಥವಾ 32ಕ್ಕಿಂತ ಹೆಚ್ಚು ದಿನಗಳ ಚಕ್ರ ಬರುವವರು, ನಿಗದಿತ ದಿನಗಳ ವಿಧಾನವನ್ನು ನಂಬಬಾರದು. ಅಂಡಾಶಯದ ನೀರ್ಗುಳ್ಳೆಯ ತೊಂದರೆ (ಪಿ.ಸಿ.ಒ.ಎಸ್.) ಅಥವಾ ಥೈರಾಯ್ಡ್ ಸಮಸ್ಯೆಯಿರುವವರಲ್ಲಿ ಹೀಗಾಗುವುದು ಸಾಮಾನ್ಯ. ಹೆರಿಗೆ ಅಥವಾ ಗರ್ಭಪಾತದ ನಂತರ, ಗರ್ಭನಿರೋಧಕ ಮಾತ್ರೆ ಇಲ್ಲವೇ ಚುಚ್ಚುಮದ್ದು ನಿಲ್ಲಿಸಿದ ಮೇಲೆ ಚಕ್ರ ಮತ್ತೆ ಕ್ರಮಕ್ಕೆ ಬರುವವರೆಗೆ ಕಾಯಬೇಕು. ಮದುವೆಗಾಗಿ ಮುಟ್ಟು ಮುಂದೂಡುವ ಮಾತ್ರೆ ನುಂಗಿದ ಹುಡುಗಿಯರೂ ಇದನ್ನು ನೆನಪಿಡಬೇಕು: ಆ ತಿಂಗಳ ಲೆಕ್ಕ ಲೆಕ್ಕಕ್ಕಿಲ್ಲ. ಮದುವೆಯ ಮೊದಲ ವಾರಗಳಲ್ಲಿಯೇ ಎಣಿಕೆ ತಪ್ಪುವುದಕ್ಕೆ ಇದೂ ಒಂದು ಕಾರಣವಾಗಬಲ್ಲದು.

ತೀವ್ರ ರಕ್ತಹೀನತೆ, ಹೃದಯರೋಗ ಮೊದಲಾಗಿ ಗರ್ಭಧಾರಣೆಯೇ ಜೀವಕ್ಕೆ ಅಪಾಯ ತರಬಲ್ಲ ಸ್ಥಿತಿಯಿದ್ದವರು ನೂರಕ್ಕೆ ಹನ್ನೆರಡರ ಅಪಾಯವನ್ನು ಹೊರಬಾರದು. ಎಚ್‌.ಐ.ವಿ. ಸೇರಿದಂತೆ ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳಿಂದ ಸಹಜ ವಿಧಾನ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ‘ಇವತ್ತು ಬೇಡ’ ಎಂದು ಹೆಂಡತಿ ಹೇಳಿದಾಗ ಗಂಡ ಕೇಳದ ಮನೆಯಲ್ಲಿ ಈ ವಿಧಾನ ಕಾಗದದ ಮೇಲಿನ ಲೆಕ್ಕವಷ್ಟೇ. ಕುಡಿತ, ಹೊಡೆತ, ಬಲವಂತವಿರುವಲ್ಲಿ ಹೆಣ್ಣುಮಗಳು ತನ್ನ ಕೈಯಲ್ಲಿಯೇ ಇರುವ ವಿಧಾನವನ್ನು ಆರಿಸಿಕೊಳ್ಳುವುದು ಕ್ಷೇಮ. ಮದುವೆಗೆ ಮೊದಲೇ ಈ ಮಾತು ತೆಗೆದರೆ ಹುಡುಗ ಹೇಗೆ ಪ್ರತಿಕ್ರಿಯಿಸುತ್ತಾನೆ ಎಂಬುದರಿಂದಲೇ ಬಹಳಷ್ಟು ತಿಳಿದುಹೋಗುತ್ತದೆ.

ನಿಶ್ಚಿತಾರ್ಥವಾದವರು ಮಾಡಬೇಕಾದ್ದೇನು?

ವೀಳ್ಯ ಬದಲಾಯಿಸಿದ ದಿನದಿಂದ ಧಾರೆಯವರೆಗೆ ಸಾಮಾನ್ಯವಾಗಿ ಕೆಲವು ತಿಂಗಳು ಸಿಗುತ್ತವೆ. ಹುಡುಗಿ ಆ ತಿಂಗಳುಗಳಲ್ಲಿ ಮುಟ್ಟಿನ ಮೊದಲ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿಯೋ ಮೊಬೈಲ್‌ನಲ್ಲಿಯೋ ಗುರುತು ಹಾಕುತ್ತ ಬಂದರೆ ಮದುವೆಯ ಹೊತ್ತಿಗೆ ತನ್ನ ಚಕ್ರದ ಅಳತೆ ತಿಳಿದಿರುತ್ತದೆ. ಮೊಬೈಲ್ ಆ್ಯಪ್‌ಗಳು ತೋರುವ ‘ಸುರಕ್ಷಿತ ದಿನ’ಗಳು ಬಹುಮಟ್ಟಿಗೆ ಸರಾಸರಿಯ ಊಹೆಗಳು, ದಾಖಲೆಗೆ ಅವು ಸಾಕು, ತೀರ್ಮಾನಕ್ಕೆ ಸಾಲವು. ದಾಖಲೆ ಆರು ಚಕ್ರಗಳಿಗಿಂತ ಕಡಿಮೆಯಿದ್ದರೆ ಮದುವೆಯ ಮೊದಲ ತಿಂಗಳುಗಳಲ್ಲಿ ಬೇರೆ ವಿಧಾನವನ್ನೇ ಬಳಸಿ, ದಾಖಲೆ ಮುಂದುವರಿಸಬೇಕು.

ಎರಡನೆಯದು, ಇಬ್ಬರೂ ಕೂಡಿ ವೈದ್ಯರನ್ನು ಕಾಣುವುದು. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆಯಿದೆ. ಹೋಬಳಿ ಮಟ್ಟದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ. ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯಿದ್ದಾರೆ. ರಕ್ತಹೀನತೆಯ ಪರೀಕ್ಷೆ, ರಕ್ತದ ಗುಂಪು, ಎಚ್‌.ಐ.ವಿ. ಪರೀಕ್ಷೆಯನ್ನು ಇದೇ ಸಂದರ್ಭದಲ್ಲಿ ಮಾಡಿಸಿಕೊಳ್ಳಬಹುದು. ನಿರೋಧ್, ದಿನಕ್ಕೊಂದರಂತೆ ನುಂಗುವ ‘ಮಾಲಾ-ಎನ್’, ಹಾರ್ಮೋನ್ ಇಲ್ಲದ ‘ಛಾಯಾ’ ಮಾತ್ರೆ, ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ‘ಅಂತರಾ’ ಚುಚ್ಚುಮದ್ದು, ಕಾಪರ್-ಟಿ ಇವೆಲ್ಲ ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತ. ಸಹಜ ವಿಧಾನವನ್ನು ಇವುಗಳ ಜೊತೆಗಿಟ್ಟು ಹೇಳಿದಾಗ ಮಾತ್ರ ಅದು ಆಯ್ಕೆ. ಉಳಿದದ್ದನ್ನು ಮುಚ್ಚಿಟ್ಟು ಹೇಳಿದರೆ ಅದು ಒತ್ತಾಯವಾಗುತ್ತದೆ.

ಮೂರನೆಯದು, ಲೆಕ್ಕ ತಪ್ಪಿದರೆ ಮುಂದೇನೆಂದು ಮೊದಲೇ ತಿಳಿದಿರುವುದು. ತುರ್ತು ಗರ್ಭನಿರೋಧಕ ಮಾತ್ರೆಯನ್ನು 72 ಗಂಟೆಗಳ ಒಳಗೆ, ಸಾಧ್ಯವಾದಷ್ಟೂ ಬೇಗ ನುಂಗಬೇಕು. ಅದು ಪ್ರತಿ ತಿಂಗಳ ಔಷಧವಲ್ಲ. ಮುಟ್ಟು ಒಂದು ವಾರ ತಡವಾದರೆ ಗರ್ಭಪರೀಕ್ಷೆ ಮಾಡಿಕೊಳ್ಳಬೇಕು. ಬೇಡದ ಗರ್ಭವಾದರೆ ಅಂಗಡಿಯ ಮಾತ್ರೆ ತಂದು ಗುಟ್ಟಾಗಿ ನುಂಗುವುದು ಪ್ರಾಣಾಪಾಯ ತರಬಲ್ಲದು. 1971ರ ಕಾನೂನು ಮತ್ತು ಅದರ 2021ರ ತಿದ್ದುಪಡಿಯಂತೆ ಗರ್ಭನಿರೋಧ ವಿಧಾನ ವಿಫಲವಾದ ಸಂದರ್ಭದಲ್ಲಿ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಗರ್ಭಪಾತ ಮಾಡಿಸಿಕೊಳ್ಳಲು ಅವಕಾಶವಿದೆ. ವಯಸ್ಕ ಮಹಿಳೆಯ ಒಪ್ಪಿಗೆಯೊಂದೇ ಇದಕ್ಕೆ ಸಾಕು; ಗಂಡನ ಸಹಿ ಕಾನೂನಿನಲ್ಲಿ ಕಡ್ಡಾಯವಲ್ಲ.

ಈ ತಿಳಿವಳಿಕೆ ಮಗು ಬೇಡವೆನ್ನುವವರಿಗೆ ಮಾತ್ರವಲ್ಲ. ಮದುವೆಯಾಗಿ ಆರು ತಿಂಗಳಾಗುವಷ್ಟರಲ್ಲಿ ‘ಏನೂ ವಿಶೇಷವಿಲ್ಲವೇ’ ಎಂಬ ಪ್ರಶ್ನೆ ಎದುರಿಸುವ ಹೆಣ್ಣುಮಕ್ಕಳಿಗೂ ಇದೇ ಲೆಕ್ಕ ಉಪಯುಕ್ತ. ಗರ್ಭ ನಿಲ್ಲುವ ಆರು ದಿನಗಳಲ್ಲಿ ಗಂಡ ಬೆಂಗಳೂರಿನಲ್ಲಿದ್ದರೆ ತಪ್ಪು ಹೆಂಡತಿಯದಲ್ಲ ಎಂಬ ಸರಳ ಸತ್ಯ ಎಷ್ಟೋ ಹರಕೆಗಳನ್ನೂ ಕಣ್ಣೀರನ್ನೂ ತಪ್ಪಿಸಬಲ್ಲದು. ಮಗು ಬೇಕೆಂದು ನಿರ್ಧರಿಸಿದವರು ಒಂದು ತಿಂಗಳ ಮುಂಚಿನಿಂದಲೇ ಫೋಲಿಕ್ ಆಮ್ಲದ ಮಾತ್ರೆ ಆರಂಭಿಸುವುದು ಮಗುವಿನ ಬೆನ್ನುಹುರಿಯ ದೋಷಗಳನ್ನು ತಡೆಯಲು ನೆರವಾಗುತ್ತದೆ.

ಮದುವೆಯಾದ ಮೇಲೆ ಎರಡು ವರ್ಷ ತಾಳಿ, ಎರಡು ಮಕ್ಕಳ ನಡುವೆ ಮೂರು ವರ್ಷ ಅಂತರವಿರಲಿ ಎಂಬುದು ಸರ್ಕಾರದ ಹಳೆಯ ಸಲಹೆ. ಅಂತರ ಹೇಗೆ ಇಡಬೇಕೆಂದು ಹೇಳದೆ ಅಂತರವಿರಲಿ ಎಂದಷ್ಟೇ ಹೇಳಿದರೆ ಅದು ಗೋಡೆಬರಹವಾಗಿ ಉಳಿಯುತ್ತದೆ. ಛತ್ರ, ವಾಲಗ, ಅಡುಗೆಯವರು, ಜವಳಿ ಎಂದು ತಿಂಗಳುಗಟ್ಟಲೆ ಓಡಾಡುವ ಎರಡು ಮನೆಗಳು ಒಂದು ಮಧ್ಯಾಹ್ನವನ್ನು ಹುಡುಗ ಹುಡುಗಿ ಇಬ್ಬರೂ ಆಸ್ಪತ್ರೆಗೆ ಹೋಗಿ ಬರಲು ಬಿಟ್ಟುಕೊಟ್ಟರೆ ಮದುವೆಯ ಖರ್ಚಿನಲ್ಲಿ ಅದೊಂದು ಬಿಡಿಗಾಸೂ ಆಗುವುದಿಲ್ಲ. ಅದರಿಂದ ಉಳಿಯುವುದು ಒಂದು ಹೆಣ್ಣಿನ ಆರೋಗ್ಯ, ಕೆಲವೊಮ್ಮೆ ಅವಳ ಪ್ರಾಣ.